ಈ ಸಲ ಮೂರು ಸಾವಿರ ಸಸಿ

ಸಸಿಗೆ ಅಡ್ವಾನ್ಸ್ ಕೊಡಬೇಕೋ ಬೇಡವೋ ಅಂತ ಮನೆಯಲ್ಲಿ ಮೂರು ರಾತ್ರಿ ಮಾತಾಯಿತು. ನರ್ಸರಿಯವರು ಫೋನ್ ಮಾಡುತ್ತಲೇ ಇದ್ದರು. ಅಪ್ಪ ಒಂದು ಸಲವೂ ಎತ್ತಲಿಲ್ಲ.

ನಮ್ಮದು ಕೋಲಾರದ ಕಡೆಯ ಹಳ್ಳಿ. ಒಂದು ಎಕರೆ ತೋಟ, ಎರಡು ಸೀಮೆಹಸು, ಒಂದು ಬೋರು. ಕೆರೆಗೆ ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಬೋರಿನ ಚಿಂತೆ ಕಡಿಮೆಯಾಗಿದೆ. ಉಳಿದಿರುವುದು ಟೊಮೆಟೊ ಬೆಲೆಯ ಚಿಂತೆ. ಸಸಿ ನೆಟ್ಟ ದಿನದ ಬೆಲೆ ನೋಡಿ ಏನೂ ಹೇಳೋಕಾಗಲ್ಲ. ಮೊದಲ ಹಣ್ಣು ಕೀಳೋಕೆ ಎರಡು ತಿಂಗಳ ಮೇಲೆ ಬೇಕು. ಅಷ್ಟರಲ್ಲಿ ಇಲ್ಲಿ, ಮದನಪಲ್ಲಿಯಲ್ಲಿ, ಆ ಕಡೆ ನಾಸಿಕ್‌ನಲ್ಲಿ ಎಷ್ಟು ಜನ ನೆಟ್ಟಿದ್ದಾರೋ ಯಾರಿಗೆ ಗೊತ್ತು?

2023ರ ಬೇಸಿಗೆಯಲ್ಲಿ ನಮ್ಮ ತೋಟಕ್ಕೆ ಎಲೆ ಮುದುಡು ರೋಗ ಬಂತು. ಉಳಿದ ಹಣ್ಣಿಗೂ ಬೆಲೆ ಇರಲಿಲ್ಲ. ಬಾಕ್ಸಿನ ಬಾಡಿಗೆ, ಕೂಲಿ ಕಳೆದರೆ ಕೈಗೆ ಬರುತ್ತಿದ್ದುದು ಬಸ್ ಚಾರ್ಜು. ಅಪ್ಪ ಗಿಡ ಕಿತ್ತು ಬದುವಿಗೆ ಹಾಕಿದರು. ಜುಲೈನಲ್ಲಿ ಅದೇ 15 ಕೆಜಿ ಬಾಕ್ಸು ಕೋಲಾರದ ಮಾರುಕಟ್ಟೆಯಲ್ಲಿ 2,000 ರೂಪಾಯಿ ದಾಟಿತು. ನೀವೂ ಟಿವಿಯಲ್ಲಿ ನೋಡಿರುತ್ತೀರಿ, ತೋಟಕ್ಕೆ ರಾತ್ರಿ ಕಾವಲು ಕೂತವರನ್ನು. ನಾವು ಖಾಲಿ ಹೊಲದ ಪಕ್ಕ ಕೂತು ಮೊಬೈಲಿನಲ್ಲಿ ಬೇರೆಯವರ ಮಂಡಿ ಚೀಟಿ ನೋಡುತ್ತಿದ್ದೆವು.

ಆಗ ಅಪ್ಪನನ್ನು ಬಲವಂತ ಮಾಡಿದ್ದು ನಾವೇ, ಅಕ್ಕ ತಮ್ಮ ಇಬ್ಬರೂ. ಪತ್ರಿಕೋದ್ಯಮ ಓದಿದ್ದೇವಲ್ಲ, ಲೆಕ್ಕ ಬರೆದು ತೋರಿಸಿದೆವು. ಅಮ್ಮನ ಸರ ಬ್ಯಾಂಕಿಗೆ ಹೋಯಿತು. ಪೂರ್ತಿ ಎಕರೆಗೆ ಮಲ್ಚಿಂಗ್ ಪೇಪರ್, ಡ್ರಿಪ್, ನೀಲಗಿರಿ ಕೋಲು, ದಾರ, ಔಷಧಿ. ಖರ್ಚು 2 ಲಕ್ಷ ದಾಟಿತು. ಬೆಳೆ ಚೆನ್ನಾಗಿಯೇ ಬಂತು, ಆದರೆ ಹಣ್ಣು ಕೀಳುವ ಹೊತ್ತಿಗೆ ಬೆಲೆ ಬಿದ್ದಿತ್ತು. ನಮ್ಮ ಲೆಕ್ಕವನ್ನೇ ಎಲ್ಲರೂ ಹಾಕಿದ್ದರು.

ಅಪ್ಪ ನಮಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸರ ಮನೆಗೆ ವಾಪಸ್ ಬರೋಕೆ ಹಾಲಿನ ದುಡ್ಡಿನಲ್ಲಿ ಒಂದೂವರೆ ವರ್ಷ ಹಿಡಿಯಿತು.

ಹಾಗಾಗಿ ಈ ಸಲ ನಾವು ಬಾಯಿ ಬಿಡಲಿಲ್ಲ. ಮೂರನೇ ರಾತ್ರಿ ಅಪ್ಪನೇ ಕೇಳಿದರು, "ನೀವೇನಂತೀರಾ?"

ನಾವು ಅಮ್ಮನ ಮುಖ ನೋಡಿದೆವು.

"ಹಾಕೋಣ" ಅಂದಳು ಅಮ್ಮ. "ಹಾಕದೆ ಇದ್ದರೆ ನಷ್ಟ ಆಗಲ್ಲ ಅಂತ ಯಾರು ಹೇಳಿದ್ದು? ಆವತ್ತು ಗಿಡ ಕಿತ್ತು ಹಾಕಿದ್ದು ನಷ್ಟ ಅಲ್ವಾ? ಆದರೆ ಅರ್ಧ ಎಕರೆ ಸಾಕು. ಇನ್ನರ್ಧ ರಾಗಿ. ಸರ ಕೇಳಬೇಡಿ, ಹಸು ಮಾರೋ ಮಾತು ಎತ್ತಬೇಡಿ."

ಅಮ್ಮ ಓದಿರೋದು ನಾಲ್ಕನೇ ಕ್ಲಾಸು. ಎಷ್ಟು ಬರುತ್ತೆ ಅಂತ ಅವಳು ಲೆಕ್ಕ ಹಾಕಲೇ ಇಲ್ಲ. ಎಷ್ಟು ಹೋದರೂ ಮನೆ ನಡೆಯುತ್ತೆ ಅಂತ ಮಾತ್ರ ಲೆಕ್ಕ ಹಾಕಿದಳು. ನಮ್ಮ ಹಾಳೆಯಲ್ಲಿ ಆ ಕಾಲಮ್ಮೇ ಇರಲಿಲ್ಲ. ನಮ್ಮನ್ನು ಓದೋಕೆ ಕಳಿಸಿದ್ದೂ ಅವಳೇ. ಪೇಪರಿನ ಕೆಲಸದಲ್ಲಿ ಏನು ಸಂಬಳ ಬರುತ್ತೆ ಅಂತ ಊರೆಲ್ಲ ಕೇಳಿತ್ತು. ಆ ಪ್ರಶ್ನೆಗೆ ಸರಿಯಾದ ಉತ್ತರ ನಮ್ಮ ಹತ್ತಿರ ಈಗಲೂ ಇಲ್ಲ.

ಕಳೆದ ವಾರ ಮೂರು ಸಾವಿರ ಸಸಿ ನೆಟ್ಟೆವು. ಮಾರನೇ ದಿನ ಬೆಳಿಗ್ಗೆ ಮೊಬೈಲಿನಲ್ಲಿ ಮಂಡಿ ರೇಟು ನೋಡುತ್ತಿದ್ದಾಗ ಅಪ್ಪ ನಕ್ಕರು. "ಈಗ್ಯಾಕೆ ನೋಡ್ತೀರಾ, ಇನ್ನೂ ಎಪ್ಪತ್ತು ದಿನ ಐತೆ."

ಬಿಸಿಲಿಗೆ ನೂರು ಸಸಿಯಷ್ಟು ಒಣಗಿವೆ. ನಾಳೆ ನರ್ಸರಿಗೆ ಹೋಗಿ ಬದಲಿ ಸಸಿ ತರಬೇಕು.