ಬಿಸಿಲಿನ ಊರು, ಸೆಕೆಯ ಊರು

ಚೈತ್ರ ಕಳೆದು ವೈಶಾಖ ಕಾಲಿಡುತ್ತಿದ್ದಂತೆ ನಮ್ಮ ಮನೆಗಳಲ್ಲಿ ಪತ್ರಿಕೆ ಓದುವ ಕ್ರಮವೇ ಬದಲಾಗುತ್ತದೆ. ರಾಜಕೀಯದ ಸುದ್ದಿಯನ್ನು ಬದಿಗಿರಿಸಿ ಮನೆಯ ಯಜಮಾನರು ಮೊದಲು ಹುಡುಕುವುದು ಒಳಪುಟದ ಮೂಲೆಯಲ್ಲಿರುವ ಉಷ್ಣಮಾನದ ಪಟ್ಟಿಯನ್ನು. ‘ಕಲಬುರಗಿ 42, ಮಂಗಳೂರು 34’ ಎಂದು ಎಲ್ಲರಿಗೂ ಕೇಳುವಂತೆ ಓದಿ, ‘ಪಾಪ, ಕಲಬುರಗಿಯವರ ಗತಿಯೇನು!’ ಎಂದು ಮರುಗಿ, ‘ಮಂಗಳೂರಿನವರೇ ಪುಣ್ಯವಂತರು’ ಎಂದು ತೀರ್ಪಿತ್ತು ಕಾಫಿಯ ಲೋಟವನ್ನು ಕೈಗೆತ್ತಿಕೊಳ್ಳುತ್ತಾರೆ. ಈ ತೀರ್ಪಿನ ವಿರುದ್ಧ ಮಂಗಳೂರಿನವರು ಮೇಲ್ಮನವಿ ಸಲ್ಲಿಸಿದರೆ ಅದನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ನಮ್ಮ ಭಾಷೆ ಈ ವ್ಯಾಜ್ಯವನ್ನು ಬಹಳ ಹಿಂದೆಯೇ ಅರಿತುಕೊಂಡಂತಿದೆ. ಕಲಬುರಗಿಯವರು ‘ಬಿಸಿಲು’ ಎನ್ನುತ್ತಾರೆ, ‘ಝಳ’ ಎನ್ನುತ್ತಾರೆ. ಅದು ಹೊರಗಿನಿಂದ ಬಂದು ಮೈಯನ್ನು ಮುಟ್ಟುವಂಥದು. ನೆರಳಿಗೆ ಸರಿದರೆ ಅರ್ಧ ದೂರವಾಗುವಂಥದು. ಕರಾವಳಿಯವರು ಹೇಳುವುದು ‘ಸೆಕೆ’. ಅದು ನೆರಳಿನಲ್ಲಿಯೂ ಇರುತ್ತದೆ, ರಾತ್ರಿಯಲ್ಲಿಯೂ ಇರುತ್ತದೆ. ಮೈಯೊಳಗಿನಿಂದಲೇ ಹುಟ್ಟಿದಂತೆ ತೋರುತ್ತದೆ. ಉಷ್ಣಮಾನದ ಪಟ್ಟಿಯಲ್ಲಿ ಬಿಸಿಲಿಗೆ ಒಂದು ಅಂಕಿಯುಂಟು. ಸೆಕೆಯನ್ನು ಆ ಅಂಕಿಯೊಂದರಿಂದಲೇ ಅಳೆಯಲಾಗದು.

ಅಧ್ಯಾಪಕ ವೃತ್ತಿಯವರಿಗೆ ಬೇಸಿಗೆಯೆಂದರೆ ರಜೆಯೆಂದು ಲೋಕ ನಂಬಿದೆ. ಉತ್ತರಪತ್ರಿಕೆಗಳ ಮೌಲ್ಯಮಾಪನವೆಂಬ ಕಾರ್ಯವೊಂದಿದೆಯೆಂಬುದೂ, ಅದಕ್ಕಾಗಿ ವೈಶಾಖದ ನಟ್ಟನಡುವೆ ಊರೂರು ಅಲೆಯಬೇಕಾಗುತ್ತದೆಂಬುದೂ ಲೋಕಕ್ಕೆ ತಿಳಿಯದು. ಆ ನೆಪದಿಂದ ಈ ಎರಡು ಊರುಗಳ ಬೇಸಿಗೆಯನ್ನೂ ನಾನು ಹಲವು ಸಲ ಕಂಡಿದ್ದೇನೆ. ಕೆಂಪು ಶಾಯಿಯ ಲೇಖನಿ ಎರಡೂ ಕಡೆ ಒಂದೇ. ಆದರೆ ಕಲಬುರಗಿಯಲ್ಲಿ ಶಾಯಿ ತುದಿಯಲ್ಲಿಯೇ ಒಣಗುತ್ತದೆ. ಮಂಗಳೂರಿನಲ್ಲಿ ಬೆವರಿನ ಕೈ ತಾಗಿ ಹಾಳೆಯ ಮೇಲೆ ಹರಡುತ್ತದೆ.

ಮೊದಲು ಕಲಬುರಗಿಯನ್ನು ನೋಡೋಣ. ಕವಿರಾಜಮಾರ್ಗವನ್ನು ಕನ್ನಡಕ್ಕಿತ್ತ ಮಾನ್ಯಖೇಟ, ಇಂದಿನ ಮಳಖೇಡ, ಈ ಜಿಲ್ಲೆಯಲ್ಲಿಯೇ ಕಾಗಿಣಾ ನದಿಯ ದಂಡೆಯ ಮೇಲಿದೆ. ಇಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ, ಎಂದು ಊರಿನವರೇ ನಗೆಯಾಡುತ್ತಾರೆ. ಮೇ ತಿಂಗಳಿನ ನಡುಹಗಲು ಬೀದಿಗಿಳಿದರೆ ಒಲೆಯ ಬಾಯನ್ನು ತೆರೆದಂತೆ ಗಾಳಿ ಮುಖಕ್ಕೆ ಬಡಿಯುತ್ತದೆ. ಕಪ್ಪು ಎರೆಯ ನೆಲ ಬಿರಿದು ಬಾಯ್ದೆರೆದಿರುತ್ತದೆ. ಅಂಗಡಿಗಳ ಮುಂದೆ ಗೋಣಿಯ ಪರದೆಗಳು ಇಳಿಬಿದ್ದಿರುತ್ತವೆ. ಹನ್ನೆರಡರಿಂದ ನಾಲ್ಕರವರೆಗೆ ಊರು ತನಗೆ ತಾನೇ ಕರ್ಫ್ಯೂ ವಿಧಿಸಿಕೊಂಡಂತಿರುತ್ತದೆ.

ಆದರೂ ಈ ಊರಿನ ಹಳೆಯ ಮನೆಯೊಂದರ ಹೊಸ್ತಿಲು ದಾಟಿ ಒಳಗೆ ಹೋಗಿ ನೋಡಬೇಕು. ಎರಡಡಿ, ಮೂರಡಿ ದಪ್ಪದ ಕಲ್ಲು ಮಣ್ಣಿನ ಗೋಡೆ. ಮೇಲೆ ಮಣ್ಣಿನ ಮಾಳಿಗೆ. ಕಿಟಕಿಗಳೆಂದರೆ ಎತ್ತರದಲ್ಲಿ ಸಣ್ಣ ಗೂಡುಗಳು. ಕಾಲ ಕೆಳಗೆ ಶಹಾಬಾದಿನ ತಣ್ಣನೆಯ ಕಲ್ಲು. ಬೆಳಗಿನ ಎಂಟು ಗಂಟೆಗೆಲ್ಲ ಮನೆಯ ಹೆಂಗಸರು ಬಾಗಿಲು ಕಿಟಕಿಗಳನ್ನು ಮುಚ್ಚಿಬಿಡುತ್ತಾರೆ. ಹೊಸಬರಿಗೆ ಇದು ವಿಪರೀತವೆನಿಸಬಹುದು. ಆದರೆ ಹೊರಗಿನ ಗಾಳಿ 42 ಡಿಗ್ರಿಯಿರುವಾಗ ಕಿಟಕಿಯನ್ನು ತೆರೆದರೆ ಒಳಬರುವುದು ಶಾಖವೇ. ಹಗಲಿನ ಬಿಸಿ ಆ ದಪ್ಪ ಗೋಡೆಯನ್ನು ಹಾದು ಒಳಗೆ ಮುಟ್ಟುವಷ್ಟರಲ್ಲಿ ಸಂಜೆಯಾಗಿರುತ್ತದೆ. ಅಷ್ಟು ಹೊತ್ತಿಗೆ ಮನೆಮಂದಿ ಹಾಸಿಗೆಗಳನ್ನು ಹೊತ್ತು ಮಾಳಿಗೆಯ ಮೇಲೇರಿರುತ್ತಾರೆ. ಒಣಹವೆಯ ನಿರ್ಮಲವಾದ ಆಕಾಶ ನೆಲದ ಬಿಸಿಯನ್ನು ರಾತ್ರಿ ಬೇಗ ಬಿಟ್ಟುಕೊಡುತ್ತದೆ. ಬೆಳಗಿನ ಜಾವದಲ್ಲಿ ದುಪ್ಪಟಿ ಎಳೆದುಕೊಳ್ಳಬೇಕೆನಿಸುವುದೂ ಉಂಟು.

ಉಡುಗೆ ತೊಡುಗೆಗಳಲ್ಲಿಯೂ ಇದೇ ಲೆಕ್ಕಾಚಾರ. ಬಿಸಿಲೆಂದು ಅಲ್ಲಿಯ ರೈತ ಅಂಗಿ ಕಳಚುವುದಿಲ್ಲ. ತಲೆಗೆ ಇನ್ನೊಂದು ಸುತ್ತು ರುಮಾಲು ಸುತ್ತುತ್ತಾನೆ. ಹೆಂಗಸರು ಸೆರಗನ್ನು ತಲೆಯ ಮೇಲೆಳೆದುಕೊಳ್ಳುತ್ತಾರೆ. ಸುಡುವ ಗಾಳಿಯಿಂದ ಮೈಯನ್ನು ಮುಚ್ಚಿಕೊಳ್ಳುವುದೇ ಅಲ್ಲಿ ತಂಪು. ಊಟಕ್ಕೆ ಜೋಳದ ನುಚ್ಚು, ಅದರ ಮೇಲೆ ಉಪ್ಪು ಬೆರೆಸಿದ ಮಜ್ಜಿಗೆ, ಕಡಿದುಕೊಳ್ಳಲು ಉಳ್ಳಾಗಡ್ಡಿ. ಬೆವರಿನೊಡನೆ ಹೋದ ನೀರನ್ನೂ ಉಪ್ಪನ್ನೂ ಮರಳಿ ದೇಹಕ್ಕೆ ಕೊಡಬೇಕೆಂದು ವೈದ್ಯರು ಹೇಳುವುದನ್ನು ಈ ಮಜ್ಜಿಗೆ ತಲೆತಲಾಂತರದಿಂದ ಮಾಡುತ್ತ ಬಂದಿದೆ. ಗಡಿಯಾರವೂ ಬಿಸಿಲಿಗೆ ತಲೆಬಾಗುತ್ತದೆ: ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1-30ರವರೆಗೆ ಎಂದು ಬದಲಿಸುವ ಪದ್ಧತಿಯಿದೆ.

ಈ ನಾಡಿನ ತಂಪಿನ ಗುಟ್ಟೆಲ್ಲ ಪಡಸಾಲೆಯ ಮೂಲೆಯಲ್ಲಿರುವ ಮಣ್ಣಿನ ಹರವಿಯಲ್ಲಿದೆ. ಹರವಿಯ ಮೈಯಿಂದ ಜಿನುಗಿದ ನೀರು ಒಣಗಾಳಿಗೆ ಆವಿಯಾಗುತ್ತದೆ. ಆವಿಯಾಗುವಾಗ ಹರವಿಯ ಶಾಖವನ್ನು ಹೊತ್ತೊಯ್ಯುತ್ತದೆ. ಒಳಗಿನ ನೀರು ತಣ್ಣಗಾಗುತ್ತದೆ. ಮನುಷ್ಯನ ದೇಹವೂ ಇಂಥದೊಂದು ಹರವಿ. ಒಂದು ಲೀಟರ್ ಬೆವರು ಪೂರ್ಣವಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿಯಷ್ಟು ಶಾಖ ದೇಹದಿಂದ ತೊಲಗುತ್ತದೆ. ಉತ್ತರ ಹಿಂದೂಸ್ತಾನದ ಲಾವಂಚದ ತಟ್ಟಿಯೂ, ಈಗ ಮನೆಮನೆಯಲ್ಲಿ ಗುಡುಗುಡಿಸುವ ಕೂಲರ್ ಯಂತ್ರವೂ ಈ ಹರವಿಯ ಬಂಧುಗಳೇ. ಇವೆಲ್ಲಕ್ಕೂ ಬೇಕಾದದ್ದು ಒಂದೇ: ನೀರನ್ನು ಹೀರಿಕೊಳ್ಳಲು ಸಿದ್ಧವಾದ ಒಣಗಾಳಿ.

ಆ ಒಣಗಾಳಿಯನ್ನು ಹಿಂದೆ ಬಿಟ್ಟು ಶಿರಾಡಿಯ ಘಟ್ಟವನ್ನಿಳಿಯುವವರಿಗೆ ದಾರಿಯಲ್ಲಿಯೇ ಪಾಠ ಆರಂಭವಾಗುತ್ತದೆ. ಸಕಲೇಶಪುರದಲ್ಲಿ ಹಗುರವಾಗಿದ್ದ ಗಾಳಿ ತಿರುವು ತಿರುವಿಗೂ ದಪ್ಪವಾಗುತ್ತ ಬಂದು, ಗುಂಡ್ಯವನ್ನು ಮುಟ್ಟುವಷ್ಟರಲ್ಲಿ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಂತೆ ಮೈಗೆ ಅಂಟಿಕೊಳ್ಳುತ್ತದೆ. ಮಂಗಳೂರಿನಲ್ಲಿ ಇಳಿದು, ಸ್ನಾನ ಮಾಡಿ, ಮೈ ಒರೆಸಿಕೊಂಡರೆ ಟವೆಲಿನ ಕೆಲಸ ಮುಗಿಯುವುದಿಲ್ಲ. ಒರೆಸಿದ್ದು ಸ್ನಾನದ ನೀರೋ ಹೊಸ ಬೆವರೋ ಎಂಬ ಜಿಜ್ಞಾಸೆ ಉಳಿಯುತ್ತದೆ. ಮೂಲೆಯ ಮಡಕೆಯ ನೀರು ಹೇಳಿಕೊಳ್ಳುವಷ್ಟು ತಣ್ಣಗಾಗುವುದಿಲ್ಲ. ಕಲಬುರಗಿಯ ಕೂಲರನ್ನು ಇಲ್ಲಿಗೆ ತಂದಿಟ್ಟರೆ ಅದು ಮೊದಲೇ ತೇವಗೊಂಡ ಕೋಣೆಗೆ ಇನ್ನಷ್ಟು ತೇವವನ್ನು ತುಂಬುತ್ತದೆ, ಅಷ್ಟೆ.

ಹೀಗಾಗಿ ಕರಾವಳಿಯ ಹಿರಿಯರು ಬೇರೆಯೇ ಉತ್ತರವನ್ನು ಕಂಡುಕೊಂಡರು. ಕಲಬುರಗಿಯ ಮನೆ ಗಾಳಿಯನ್ನು ಹೊರಗಿಟ್ಟರೆ, ಇಲ್ಲಿಯ ಮನೆ ಅದನ್ನು ಕರೆದು ಕೂರಿಸುತ್ತದೆ. ಎದುರು ಬದುರು ಬಾಗಿಲು, ಸಾಲು ಕಿಟಕಿ, ತೆರೆದ ಜಗಲಿ, ಮುರಕಲ್ಲಿನ ಗೋಡೆಗೆ ಬಿಸಿಲು ತಾಗದಂತೆ ಚಾಚಿದ ಮಾಡು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ‘ಮಂಗಳೂರು ಹೆಂಚು’ ಎಂಬ ಹೆಸರು ದೇಶಾಂತರಗಳಿಗೂ ಹರಡಿತು. ಆ ಹೆಂಚಿನ ಮಾಡಿನ ಸಂದುಗಳಲ್ಲಿ ಮೇಲೇರಿದ ಬಿಸಿಗಾಳಿ ಸದ್ದಿಲ್ಲದೆ ಹೊರಟುಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಲ ಕಡಲಿಗಿಂತ ಹೆಚ್ಚು ಕಾಯುವುದರಿಂದ ಕಡಲಗಾಳಿ ಬೀಸತೊಡಗುತ್ತದೆ. ಎದುರು ಬಾಗಿಲುಗಳು ಕಾದಿರುವುದು ಇದಕ್ಕಾಗಿಯೇ. ತೋಟದ ಆಳು ಅಂಗಿ ಕಳಚಿ ಹೆಗಲಿಗೆ ಬೈರಾಸು ಹಾಕಿಕೊಂಡು, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆಯನ್ನಿಟ್ಟು ದುಡಿಯುತ್ತಾನೆ. ಅದೇ ಹಾಳೆ ಮನೆಯೊಳಗೆ ಬೀಸಣಿಗೆಯಾಗುತ್ತದೆ. ಊಟಕ್ಕೆ ಕುಚ್ಚಿಲಕ್ಕಿಯ ಗಂಜಿ, ಜೊತೆಗೆ ತಂಬುಳಿ. ಬಂದವರಿಗೆ ಪುನರ್ಪುಳಿಯ ಪಾನಕ ಇಲ್ಲವೆ ಎಳನೀರು. ರಾತ್ರಿ ಮಾತ್ರ ಕರುಣೆಯಿಲ್ಲ. ಗಾಳಿಯಲ್ಲಿರುವ ನೀರಾವಿ ಹಗಲಿನ ಶಾಖವನ್ನು ಕಂಬಳಿಯಂತೆ ಹಿಡಿದಿಡುವುದರಿಂದ ನಡುರಾತ್ರಿಯಲ್ಲಿಯೂ ಎಲೆ ಅಲುಗದು.

ಈಗ ನಮ್ಮ ಮೇಲ್ಮನವಿಗೆ ಬರೋಣ. ಹವಾಮಾನದ ವೀಕ್ಷಣಾಲಯಗಳಲ್ಲಿ ಎರಡು ಉಷ್ಣಮಾಪಕಗಳನ್ನು ಜೊತೆಯಾಗಿ ಇಡುವ ಪದ್ಧತಿಯಿದೆ. ಒಂದು ಸಾಮಾನ್ಯವಾದದ್ದು, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತದೆ. ಈ ಎರಡನೆಯದು ಬೆವರಿದ ಮನುಷ್ಯನ ಪ್ರತಿನಿಧಿ. ಆವಿಯಾಗುವಿಕೆಯಿಂದ ಎಷ್ಟು ತಂಪಾಗಲು ಸಾಧ್ಯವೋ ಅಷ್ಟನ್ನು ಅದು ತೋರಿಸುತ್ತದೆ. ಉಷ್ಣಮಾನ 42 ಡಿಗ್ರಿಯಿದ್ದು ಗಾಳಿಯ ಆರ್ದ್ರತೆ ನೂರಕ್ಕೆ 20ರಷ್ಟಿದ್ದರೆ ಒದ್ದೆ ಮಾಪಕ ತೋರಿಸುವುದು ಸುಮಾರು 24 ಡಿಗ್ರಿ. ಉಷ್ಣಮಾನ 34 ಡಿಗ್ರಿಯಿದ್ದು ಆರ್ದ್ರತೆ 65ರಷ್ಟಿದ್ದರೆ ಅದು ಸುಮಾರು 28 ಡಿಗ್ರಿಯನ್ನು ತೋರಿಸುತ್ತದೆ. ಪಟ್ಟಿಯಲ್ಲಿ ಕೆಳಗಿದ್ದ ಮಂಗಳೂರು ಇಲ್ಲಿ ಮೇಲೇರಿತು! ನಮ್ಮ ಯಜಮಾನರು ತಮ್ಮ ತೀರ್ಪನ್ನು ಪುನರ್ವಿಮರ್ಶಿಸಲೇಬೇಕು.

ಇದು ಕೇವಲ ಸುಖದ ಪ್ರಶ್ನೆಯಾಗಿದ್ದರೆ ನಗುತ್ತ ಬಿಟ್ಟುಬಿಡಬಹುದಿತ್ತು. ಒದ್ದೆ ಮಾಪಕ 35 ಡಿಗ್ರಿಯನ್ನು ಮುಟ್ಟಿದರೆ ನೆರಳಿನಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನೂ ಹೆಚ್ಚು ಹೊತ್ತು ಬದುಕಲಾರನೆಂದು 2010ರಲ್ಲಿ ಷೆರ್ವುಡ್ ಮತ್ತು ಹ್ಯೂಬರ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. 2022ರಲ್ಲಿ ಪ್ರಕಟವಾದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಗಳು, ತರುಣರ ದೇಹ ಕೂಡ 31 ಡಿಗ್ರಿಯ ಆಸುಪಾಸಿನಲ್ಲಿಯೇ ಸೋಲತೊಡಗುತ್ತದೆಂದು ಹೇಳಿದವು. ನಮ್ಮ ಕರಾವಳಿಯ ಬೇಸಿಗೆಗೂ ಆ ಅಂಕಿಗೂ ನಡುವಿನ ಅಂತರ ಬಹಳ ದೊಡ್ಡದಲ್ಲ. ಭಾರತದ ಹವಾಮಾನ ಇಲಾಖೆ ಬಿಸಿಗಾಳಿಯನ್ನು ಗುರುತಿಸಲು ಬಯಲುಸೀಮೆಗೆ 40 ಡಿಗ್ರಿಯ ಗೆರೆಯನ್ನೂ ಕರಾವಳಿಗೆ 37 ಡಿಗ್ರಿಯ ಗೆರೆಯನ್ನೂ ಎಳೆದಿರುವುದು ಈ ದೃಷ್ಟಿಯಿಂದ ಗಮನಾರ್ಹ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರಿನಲ್ಲಿ ಪ್ರಶಸ್ತಿ ಪ್ರದಾನದ ಸಮಾರಂಭಕ್ಕಾಗಿ ಲಕ್ಷಾಂತರ ಜನ ತೆರೆದ ಮೈದಾನದಲ್ಲಿ ಗಂಟೆಗಟ್ಟಲೆ ಕುಳಿತಿದ್ದರು. ಆ ದಿನದ ಉಷ್ಣಮಾನ ಸುಮಾರು 38 ಡಿಗ್ರಿ; ಕಲಬುರಗಿಯವರು ಕೇಳಿದರೆ ‘ಇದೇನು ಬಿಸಿಲರೀ!’ ಎನ್ನುವಷ್ಟೇ. ಆದರೆ ಆ ಧಗೆಗೆ ಸಿಕ್ಕು ಹದಿನಾಲ್ಕು ಮಂದಿ ಅಸುನೀಗಿದರು.

ಒಣನಾಡಿನ ಬಿಸಿಲು ನಿರಪಾಯವೆಂದು ಇದರಿಂದ ತಿಳಿಯಬಾರದು. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಬಿಸಿಗಾಳಿಯ ದೆಸೆಯಿಂದ ವಾಡಿಕೆಗಿಂತ 1,300ಕ್ಕೂ ಹೆಚ್ಚು ಸಾವುಗಳು ಸಂಭವಿಸಿದವು. ಆ ನಗರ ಪಾಠ ಕಲಿಯಿತು. 2013ರಲ್ಲಿ ಬಿಸಿಲನ್ನೆದುರಿಸುವ ಯೋಜನೆಯೊಂದನ್ನು ರೂಪಿಸಿ, ಮುನ್ನೆಚ್ಚರಿಕೆ ಕೊಡುವುದು, ಕುಡಿಯುವ ನೀರಿನ ಏರ್ಪಾಡು, ಆಸ್ಪತ್ರೆಗಳನ್ನು ಸನ್ನದ್ಧವಾಗಿಡುವುದು ಮೊದಲಾದ ಕ್ರಮಗಳನ್ನು ಕೈಗೊಂಡಿತು. ಮುಂದೆ ಅನೇಕ ಊರುಗಳು ಅದೇ ದಾರಿ ಹಿಡಿದವು.

ನನಗೆ ಚಿಂತೆಯುಂಟುಮಾಡುವುದು ಇನ್ನೊಂದು ಸಂಗತಿ. ಇಂದು ಕಲಬುರಗಿಯ ಹೊಸ ಬಡಾವಣೆಗೂ ಮಂಗಳೂರಿನ ಹೊಸ ಬಡಾವಣೆಗೂ ವ್ಯತ್ಯಾಸ ಕಾಣದಾಗಿದೆ. ಎರಡು ಕಡೆಯೂ ಅದೇ ತೆಳುಗೋಡೆ, ಅದೇ ಕಾಂಕ್ರೀಟಿನ ತಾರಸಿ, ಅದೇ ಗಾಜಿನ ಕಿಟಕಿ. ಕಲಬುರಗಿಯಲ್ಲಿ ಆ ತಾರಸಿ ಹಗಲೆಲ್ಲ ಕಾದು ರಾತ್ರಿ ಮಲಗಿದವರ ಮೇಲೆ ಬಿಸಿಯನ್ನು ಸುರಿಸುತ್ತದೆ. ಮಂಗಳೂರಿನಲ್ಲಿ ಮೇಲೇರಿದ ಗಾಳಿ ಹೊರಹೋಗಲು ಸಂದಿಲ್ಲದೆ ಒಳಗೇ ನಿಲ್ಲುತ್ತದೆ. ಹಣವುಳ್ಳವರು ಹವಾನಿಯಂತ್ರಕವನ್ನು ತರುತ್ತಾರೆ. ಅದು ತಮ್ಮ ಕೋಣೆಯ ಶಾಖವನ್ನು ಬೀದಿಗೆಸೆಯುತ್ತದೆ. ಬೀದಿಯಲ್ಲಿರುವವರು ಯಾರು? ರಸ್ತೆಗೆ ಡಾಮರು ಹಾಕುವ ಹೆಂಗಸು, ತಳ್ಳುಗಾಡಿಯ ಮುದುಕ, ಪೊಟ್ಟಣ ಹೊತ್ತು ಮೂರನೆಯ ಮಹಡಿ ಹತ್ತುವ ಹುಡುಗ. ಕಚೇರಿಯ ಗಡಿಯಾರ ಬಿಸಿಲಿಗೆ ತಕ್ಕಂತೆ ಬದಲಾದರೂ ಇವರ ಗಡಿಯಾರ ಬದಲಾಗುವುದು ವಿರಳ. ನಡುಹಗಲು ಇವರಿಗೆ ಎರಡು ಗಂಟೆಯ ನೆರಳನ್ನು ಕೊಡುವುದು ಕೆಲಸ ಮಾಡಿಸುವವರ ಕೈಯಲ್ಲಿದೆ. ಅಂಥವರಲ್ಲಿ ನಾವೂ ಸೇರಿದ್ದೇವೆ. ಬಿಸಿಲಿನಲ್ಲಿ ದುಡಿಯುವವರ ಮಾತು ತೊದಲಿದರೆ, ನಡೆ ತಪ್ಪಿದರೆ, ಅದನ್ನು ದಣಿವೆಂದು ತಳ್ಳಿಹಾಕದೆ ಕೂಡಲೇ ನೆರಳಿಗೆ ತಂದು, ಮೈಗೆಲ್ಲ ನೀರು ಹನಿಸಿ, ಗಾಳಿ ಬೀಸುತ್ತ ವೈದ್ಯರಲ್ಲಿಗೆ ಸಾಗಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹೊಯ್ಯಬಾರದು.

ಬೇಸಿಗೆಯ ರಜೆಯಲ್ಲಿ ಮಕ್ಕಳೊಡನೆ ನೆಂಟರ ಊರಿಗೆ ಹೊರಡುವ ವಾಚಕರಲ್ಲಿ ನನ್ನದೊಂದು ಸಣ್ಣ ವಿಜ್ಞಾಪನೆ. ಹೋದ ಮನೆಯಲ್ಲಿ ಮಧ್ಯಾಹ್ನ ಕಿಟಕಿಯನ್ನು ಮುಚ್ಚಿದ್ದರೆ ‘ಸ್ವಲ್ಪ ಗಾಳಿ ಬರಲಿ’ ಎಂದು ತೆರೆಯಲು ಹೋಗಬೇಡಿ; ತೆರೆದಿದ್ದರೆ ‘ಬಿಸಿಲು ಬರುತ್ತದೆ’ ಎಂದು ಮುಚ್ಚಬೇಡಿ. ಮುಚ್ಚಿದ್ದೇಕೆ, ತೆರೆದಿದ್ದೇಕೆ ಎಂದು ಆ ಮನೆಯ ಅಜ್ಜಿಯನ್ನು ಕೇಳಿ, ಆಕೆ ಹೇಳುವುದನ್ನು ಮಕ್ಕಳ ಕಿವಿಗೂ ಬೀಳಿಸಿ. ಮುಂದೆ ಅವರು ತಮ್ಮದೊಂದು ಮನೆ ಕಟ್ಟಿಸುವ ಕಾಲ ಬಂದಾಗ ಆ ಮಾತು ಅವರ ಉಪಯೋಗಕ್ಕೆ ಬಂದೀತು.