ನೋಯದ ಗಾಯ

ಕಳೆದ ಮಳೆಗಾಲದಲ್ಲಿ ಒಂದು ದಿನ ಅಮ್ಮಿ ಜಾನಮಾಜ್ ಮಡಚುವಾಗ ಅದರ ಮೇಲೆ ಕಂದು ಕಲೆಯೊಂದನ್ನು ನೋಡಿದರು. ಅದು ರಕ್ತ. ಅಬ್ಬಾರನ್ನು ಕೂರಿಸಿ ಎಡಗಾಲು ಎತ್ತಿ ನೋಡಿದರೆ, ಹೆಬ್ಬೆರಳ ಬುಡದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಗಾಯ. "ಯಾವಾಗ ಆಯ್ತು?" ಎಂದು ಕೇಳಿದರೆ ಅಬ್ಬಾಗೇ ಗೊತ್ತಿರಲಿಲ್ಲ. "ನೋವೇ ಇಲ್ಲ, ಬಿಡಿ" ಎಂದರು.

ಅಬ್ಬಾ ಸಂತೆಗಳಲ್ಲಿ ಸ್ಟೀಲ್ ಪಾತ್ರೆ ಮಾರುತ್ತಾರೆ. ಬೆಳಗ್ಗೆಯಿಂದ ಸಂಜೆಯವರೆಗೆ ನಿಂತಿರುವ ಕೆಲಸ. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಪಾದದಲ್ಲಿದ್ದ ಆಣಿಯನ್ನು ಆಗಾಗ ಬ್ಲೇಡಿನಿಂದ ಕೆರೆದುಕೊಳ್ಳುತ್ತಿದ್ದರು. ದಿನಕ್ಕೆ ಐದು ಸಲ ವುಜು ಮಾಡುವಾಗ ಪಾದ ತೊಳೆಯುತ್ತಿದ್ದರು. ಆದರೆ ನಲ್ಲಿಯ ಕೆಳಗೆ ನಿಂತು ತೊಳೆದರೆ ಅಂಗಾಲು ಕಣ್ಣಿಗೆ ಬೀಳುವುದಿಲ್ಲ.

ನಮ್ಮೂರಿನ ಡಾಕ್ಟರು ನಗರದ ಆಸ್ಪತ್ರೆಯ ಪಾದ ಚಿಕಿತ್ಸೆಯ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು. ಪಾದಕ್ಕೇ ಬೇರೆ ಡಾಕ್ಟರ್ ಇರುತ್ತಾರೆಂದು ನನಗೆ ಗೊತ್ತಾಗಿದ್ದು ಅಂದೇ. ಅಲ್ಲಿ ಡಾಕ್ಟರ್ ಮೇಡಂ ಒಂದು ತೆಳ್ಳನೆಯ ನೈಲಾನ್ ಎಳೆ ತೆಗೆದರು. 10 ಗ್ರಾಂ ಒತ್ತಡಕ್ಕೆ ಅದು ಬಾಗುತ್ತದೆಯಂತೆ. "ಕಣ್ಣು ಮುಚ್ಚಿ, ಮುಟ್ಟಿದಾಗ ಹೂಂ ಅನ್ನಿ" ಎಂದರು. ಎಳೆ ಅಬ್ಬಾರ ಬೆರಳುಗಳಿಗೆ, ಅಂಗಾಲಿಗೆ ತಾಗಿ ಬಾಗುವುದು ನನಗೆ ಕಾಣುತ್ತಿತ್ತು. ಅಬ್ಬಾ ಕಣ್ಣು ಮುಚ್ಚಿ ಸುಮ್ಮನೆ ಕಾಯುತ್ತಿದ್ದರು. ಇನ್ನೂ ಪರೀಕ್ಷೆ ಶುರುವಾಗಿಲ್ಲ ಎಂದುಕೊಂಡಿದ್ದರು.

"ಚಪ್ಪಲಿ ಜಾರಿ ಹೋದರೂ ಗೊತ್ತಾಗೋದಿಲ್ವಾ?" ಎಂದು ಮೇಡಂ ಕೇಳಿದಾಗ ನಾನು ತಲೆ ತಗ್ಗಿಸಿದೆ. ಆರು ತಿಂಗಳ ಹಿಂದೆ ಅಬ್ಬಾ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಿದ್ದರು. ನಾವೆಲ್ಲ ನಕ್ಕಿದ್ದೆವು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನು.

ಸಕ್ಕರೆ ಕಾಯಿಲೆ ಬಹಳ ವರ್ಷ ಇದ್ದರೆ ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಳ್ಳಬಹುದು. ಗಾಯ ನೋಯುವುದಿಲ್ಲ, ಆದ್ದರಿಂದ ಮನುಷ್ಯ ಅದರ ಮೇಲೆಯೇ ನಡೆಯುತ್ತಾನೆ. ರಕ್ತ ಸಂಚಾರವೂ ಕಡಿಮೆಯಾದರೆ ಗಾಯ ಬೇಗ ಮಾಯುವುದಿಲ್ಲ. ಸೋಂಕು ಮೂಳೆಗೆ ಇಳಿದರೆ ಬೆರಳನ್ನೋ ಕಾಲನ್ನೋ ತೆಗೆಯಬೇಕಾಗಬಹುದು. ಅಲ್ಲಾಹನ ದಯೆಯಿಂದ ಅಬ್ಬಾರ ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ. ಸತ್ತ ಚರ್ಮ ತೆಗೆದು ಡ್ರೆಸ್ಸಿಂಗ್ ಮಾಡಿದರು. ಆರು ವಾರ ಆ ಕಾಲಿನ ಮೇಲೆ ಭಾರ ಹಾಕಬಾರದು ಎಂದರು.

ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಾನು ಖರ್ಚು ಬರೆಯುತ್ತಾ ಹೋದೆ: ಬಸ್ ಚಾರ್ಜು, ಡ್ರೆಸ್ಸಿಂಗ್, ಮಾತ್ರೆ, ಮೆತ್ತನೆಯ ಎಂ.ಸಿ.ಆರ್. ಚಪ್ಪಲಿ. ಆರು ವಾರದ ಸಂತೆ ವ್ಯಾಪಾರ ಯಾವ ಬಿಲ್ಲಿನಲ್ಲೂ ಬರಲಿಲ್ಲ. ಆದರೆ ದೊಡ್ಡ ನಷ್ಟ ಅದೇ.

ಮೇಡಂ ಹೇಳಿಕೊಟ್ಟಿದ್ದನ್ನು ನಿಮಗೂ ಹೇಳುತ್ತೇನೆ. ಸಕ್ಕರೆ ಕಾಯಿಲೆ ಇರುವವರ ಅಂಗಾಲು ಮತ್ತು ಬೆರಳ ಸಂದುಗಳನ್ನು ದಿನಾ ನೋಡಬೇಕು. ವುಜು ಆದ ಮೇಲೆ ಬೆರಳ ಸಂದು ಒರೆಸಿಕೊಳ್ಳಬೇಕು, ತೇವ ಉಳಿದರೆ ಕೆಸರು ಹುಣ್ಣಾಗುತ್ತದೆ. ಆಣಿಗೆ ಬ್ಲೇಡ್ ಬೇಡ, ಮೆಡಿಕಲ್ ಶಾಪಿನ ಆಣಿ ಪಟ್ಟಿಯೂ ಬೇಡ. ಬರಿಗಾಲಲ್ಲಿ ನಡೆಯಬಾರದು. ವರ್ಷಕ್ಕೊಮ್ಮೆಯಾದರೂ ಡಾಕ್ಟರಿಗೆ ಪಾದ ತೋರಿಸಬೇಕು. ಗಾಯ, ಕೀವು, ಊತ, ಕೆಟ್ಟ ವಾಸನೆ ಅಥವಾ ಕಪ್ಪು ಬಣ್ಣ ಕಂಡರೆ, ನೋವಿಲ್ಲದಿದ್ದರೂ ಅದೇ ದಿನ ಹೋಗಬೇಕು. ನಮ್ಮ ವಯಸ್ಸಿನವರಿಗೂ ಬಿಗಿಯಾದ ಶೂಗಳಿಂದ ಆಣಿ ಆಗುತ್ತದೆ, ಉಗುರು ಮಾಂಸದೊಳಗೆ ಬೆಳೆಯುತ್ತದೆ. ಉಗುರನ್ನು ನೇರವಾಗಿ ಕತ್ತರಿಸಿ. ಕೀವಾದರೆ ತಡಮಾಡಬೇಡಿ.

ಮೊದಮೊದಲು ಅಬ್ಬಾ, "ಬೇಟಿ, ನೀನು ನನ್ನ ಕಾಲು ಹಿಡಿಯೋದಾ?" ಎಂದು ಪಾದ ಎಳೆದುಕೊಳ್ಳುತ್ತಿದ್ದರು. ಈಗ ಇಶಾ ನಮಾಜ್ ಆದ ಮೇಲೆ ತಾವೇ ಕಾಲು ಚಾಚಿ ಕೂರುತ್ತಾರೆ. ನಾನು ಮೊಬೈಲ್ ಟಾರ್ಚ್ ಹಾಕಿ ನೋಡುತ್ತೇನೆ. ಎರಡು ನಿಮಿಷ ಸಾಕು. ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರು ಇದ್ದರೆ ಇವತ್ತು ರಾತ್ರಿಯೇ ನೋಡಿ. ನೋವಿದೆಯಾ ಎಂದು ಕೇಳಿ ಸುಮ್ಮನಾಗಬೇಡಿ.