ಎಕ್ಸೆಲ್‌ನಲ್ಲಿ ಇಲ್ಲದ ಕಾಲಂ

ಮೇ ತಿಂಗಳು, ಬಿಸಿಲು 40 ಡಿಗ್ರಿ ದಾಟಿತ್ತು. ಕಲಬುರಗಿಯ ಕುಸನೂರ ಕಡೆ ಎರಡು ಹೊಸ ಮನೆ ನೋಡಿದ್ವಿ.

ಮೊದಲನೇದು 30×40 ಸೈಟಿನಲ್ಲಿ ಡ್ಯೂಪ್ಲೆಕ್ಸ್. ಕೆಳಗೆ ಹಾಲು, ಅಡುಗೆಮನೆ, ಕಾರಿಗೆ ಜಾಗ. ಬೆಡ್‌ರೂಮು ಮೂರೂ ಮೇಲೆ. ಎರಡನೇದು ಇನ್ನೂ ಒಳಗೆ, 30×50 ಸೈಟು. ಒಂದೇ ಅಂತಸ್ತು, ಎರಡೇ ರೂಮು, ನೆಲಕ್ಕೆ ಶಹಾಬಾದ್ ಕಲ್ಲು, ಮುಂದೆ 15 ಅಡಿ ಖಾಲಿ ಮಣ್ಣು. ರೇಟು ಹೆಚ್ಚೂಕಮ್ಮಿ ಒಂದೇ.

ನಾನು ರೂಢಿಯಂತೆ ಎಕ್ಸೆಲ್ ತೆಗೆದೆ. ಚದರಡಿ ರೇಟು, ಇಎಂಐ, ಮುಂದೆ ಮಾರಿದರೆ ಎಷ್ಟು ಬರುತ್ತೆ, ಎಲ್ಲದರಲ್ಲೂ ಡ್ಯೂಪ್ಲೆಕ್ಸೇ ಗೆದ್ದಿತು. ಟೋಕನ್ ಕೊಡೋ ಮುಂಚೆ ಊರಿಂದ ಅವ್ವನ್ನ ಕರೆಸಿದೆ. ಅವಳು ಮೆಟ್ಟಿಲ ಬುಡದಲ್ಲೇ ನಿಂತು ಮೇಲೆ ನೋಡಿದಳು.

"ಚಂದ ಅದ. ನೀವಿಬ್ರೂ ಮ್ಯಾಲ ಮಲಕ್ಕೋರಿ. ನಾ ಬಂದಾಗ ಇಲ್ಲೇ ಹಾಲ್‌ನಾಗ ಚಾಪಿ ಹಾಸ್ಕೋತೀನಿ."

ಮಾತಿನಲ್ಲಿ ದೂರಿರಲಿಲ್ಲ. ಅದೇ ಚುಚ್ಚಿತು. ಅವ್ವನ ಮೊಣಕಾಲು ನೋವು ನನಗೇನು ಹೊಸದಲ್ಲ. ಊರಲ್ಲಿ ಬೇಸಿಗೆ ರಾತ್ರಿ ಮಾಳಿಗಿ ಮೇಲೆ ಮಲಗೋದನ್ನ ಅವಳು ಬಿಟ್ಟು ಮೂರು ವರ್ಷವಾಗಿತ್ತು. ಎಕ್ಸೆಲ್‌ನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ ಅಷ್ಟೇ.

ಎರಡನೇ ಮನೆಯಲ್ಲಿ ಅವ್ವ ಒಳಗೇ ಬರಲಿಲ್ಲ. ಅಂಗಳದಲ್ಲಿ ಹೆಜ್ಜೆ ಹಾಕಿ ಅಳೆದಳು. "ಹೊರಸು ಹಿಡಿತದ ನೋಡು. ಬ್ಯಾಳಿ ಒಣಗಸ್ಲಿಕ್ಕೂ ಜಾಗ ಅದ."

ಅದನ್ನೇ ತಗೊಂಡ್ವಿ. ನಷ್ಟ ಇಲ್ಲ ಅಂತಲ್ಲ. ನನಗೆ ಬೇರೆ ರೂಮಿಲ್ಲ, ಆಫೀಸಿನ ಕಾಲ್ ಎಲ್ಲ ವರಾಂಡದಲ್ಲೇ. ಅವ್ವ ಕಮಲಾಪುರದಿಂದ ಕೆಂಪು ಬಾಳೆಯ ಕಂದು ತಂದು ನೆಟ್ಟಿದ್ದಾಳೆ. ವಿಡಿಯೋದಲ್ಲಿ ನನ್ನ ಬೆನ್ನ ಹಿಂದೆ ಅದರ ಎಲೆ ಕಾಣುತ್ತೆ. ಬ್ಯಾಕ್‌ಗ್ರೌಂಡ್ ಎಲ್ಲಿಂದ ಡೌನ್‌ಲೋಡ್ ಮಾಡಿದ್ದು ಅಂತ ಟೀಮಿನವರು ಕೇಳ್ತಾರೆ.